ಬದಲಿ ನಳಿಗೆ

ಕೋವಿಯ ದಪ್ಪ ನಳಿಗೆಯನ್ನು ಗೆರ್ಲಿಂಡೆ ತನ್ನ ಅಂಗಡಿಯ ಮೇಜಿನ ಹಸಿರು ಬಟ್ಟೆಯ ಮೇಲೆ ಇಟ್ಟದ್ದೇ ತಡ, ರೋಮೆಡ್ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಅದು ಬೇಡ," ಎಂದ. "ಸಣ್ಣದೇ ಸಾಕು."

ಪಕ್ಕದಲ್ಲಿ ನಿಂತಿದ್ದ ಮಾವ ಆಂಬ್ರೋಸ್ ಅಳಿಯನ ಮುಖ ನೋಡಿದ. ಹೊಸ ಕೋವಿ ಕೊಳ್ಳಲು ಬಂದವನು ಇಷ್ಟು ಬೇಗ ಯಾವುದನ್ನೂ ಬೇಡ ಎನ್ನುವುದಿಲ್ಲ. ಬೇಡವಾದದ್ದನ್ನೂ ಎತ್ತಿ, ತೂಗಿ, ಕಣ್ಣಿಗೆ ಹಿಡಿದು ನೋಡಿಯೇ ಕೆಳಗಿಡುತ್ತಾನೆ.

ಗೆರ್ಲಿಂಡೆ ಬಿಡಲಿಲ್ಲ. ಕಣಿವೆಯ ಅರ್ಧ ಬೇಟೆಗಾರರಿಗೆ ಕೋವಿ ಹೊಂದಿಸಿಕೊಟ್ಟ ಹೆಂಗಸು ಆಕೆ. ಗುರಿ ಹೊಡೆಯುವುದಕ್ಕೂ ಎದುರು ಬೆಟ್ಟದ ಕಾಡುಮೇಕೆಗೂ ಆರೂವರೆ ಮಿಲಿಮೀಟರಿನದು ಸಾಕು, ಭುಜಕ್ಕೆ ಒದೆಯುವುದಿಲ್ಲ, ದೂರ ಹೋದರೂ ಗುಂಡು ಹೆಚ್ಚು ಇಳಿಯುವುದಿಲ್ಲ ಎಂದು ಒಪ್ಪಿಕೊಂಡಳು. ಆದರೆ ಕೊಬ್ಬಿದ ಗಂಡು ಜಿಂಕೆಗೆ, ಹಂದಿಗೆ ದಪ್ಪ ಗುಂಡಿನದೊಂದು ಜೊತೆಗಿದ್ದರೆ ಒಳ್ಳೆಯದು. ಮರದ ಹಿಡಿ ಅದೇ, ಟ್ರಿಗರ್ ಅದೇ. ನಳಿಗೆ, ಬೋಲ್ಟಿನ ಮೂತಿ, ತೋಟಾದ ಪೆಟ್ಟಿಗೆ ಬದಲಾಯಿಸಿದರಾಯಿತು. ದುರ್ಬೀನು ನಳಿಗೆಯ ಮೇಲೇ ಕೂರುವುದರಿಂದ ಕಟ್ಟಿದ ಗುರಿ ಕೆಡುವುದಿಲ್ಲ.

"ಕಾಲು ಅವೇ, ಬೂಟು ಬೇರೆ, ಅಷ್ಟೇ," ಎಂದಳು. "ಬೇಡ ಅಂದ್ರೆ ಬೇಡ. ಒಮ್ಮೆ ಬಿಚ್ಚಿ ಜೋಡಿಸಿಯಾದ್ರೂ ನೋಡು."

ರೋಮೆಡ್ ಸಣ್ಣ ಕೀಲಿಯನ್ನು ತೆಗೆದುಕೊಂಡು ಹಿಡಿಯ ಅಡಿಯ ಎರಡು ತಿರುಪುಗಳನ್ನು ಸಡಿಲಿಸಿದ. ನಳಿಗೆ ಕೈಗೆ ಬಂತು. ಮತ್ತೆ ಕೂರಿಸುವ ಮೊದಲು ಅದು ಕೂರುವ ಜಾಗವನ್ನು ಹೆಬ್ಬೆರಳಿಗೆ ಬಟ್ಟೆ ಸುತ್ತಿ ಒರೆಸಿದ. ಅಲ್ಲಿ ಒಂದು ಮರಳಿನ ಕಣವಿದ್ದರೂ ಗುಂಡು ಬೇರೆಲ್ಲೋ ಹೋಗುತ್ತದೆ. ಹಾಗೆಂದು ಗೆರ್ಲಿಂಡೆ ಅವನಿಗೆ ಹೇಳಿರಲಿಲ್ಲ. ಆಂಬ್ರೋಸನೂ ಹೇಳಿರಲಿಲ್ಲ.

"ಎಲ್ಲಿ ಕಲಿತೆ?" ಎಂದು ಆಂಬ್ರೋಸ್ ಕೇಳಿದ.

"ಪರವಾನಗಿ ಪರೀಕ್ಷೆಯ ತರಗತೀಲಿ ತೋರಿಸಿದ್ರು, ಮಾವ."

ಆ ತರಗತಿಗೆ ಕೋವಿಗಳನ್ನು ಒಯ್ದು ಕೊಡುತ್ತಿದ್ದವನು ಆಂಬ್ರೋಸನೇ. ಎಲ್ಲವೂ ನಳಿಗೆ ಕಳಚಲಾಗದ ಹಳೆಯ ಕೋವಿಗಳು. ಅವನು ಟೋಪಿ ಹಾಕಿಕೊಂಡ.

ಆಂಬ್ರೋಸ್ ಕಣಿವೆಯ ಬೇಟೆ ಕಾವಲುಗಾರ. ಯಾವ ಇಳಿಜಾರಿನಲ್ಲಿ ಎಷ್ಟು ಜಿಂಕೆಗಳಿವೆ, ಯಾರು ಯಾವಾಗ ಯಾವುದನ್ನು ಹೊಡೆಯಬಹುದು ಎಂಬುದು ಅವನ ಲೆಕ್ಕ. ಜೂನ್ ತಿಂಗಳಲ್ಲಿ, ಶಿಖರಗಳ ಮೇಲೆಲ್ಲ ಬೆಂಕಿ ಹಚ್ಚುವ ಹಬ್ಬದ ಮರುದಿನ, ಕೊರಕಲಿನ ಜರಿಗಿಡಗಳ ನಡುವೆ ಒಂದು ಹೆಣ್ಣು ಜಿಂಕೆ ಸತ್ತು ಬಿದ್ದಿದ್ದನ್ನು ಅವನು ಕಂಡಿದ್ದ. ಹಾಲು ಕಟ್ಟಿದ ಕೆಚ್ಚಲು; ಮರಿ ಇರುವ ತಾಯಿಯನ್ನು ಹೊಡೆದವನ ಪರವಾನಗಿ ಹೋಗುತ್ತದೆ. ಮರಿ ಇನ್ನೂ ಅಲ್ಲೇ ಇತ್ತು, ತಾಯಿಯ ಹೊಟ್ಟೆಗೆ ಒರಗಿಕೊಂಡು. ಅವನು ಹತ್ತಿರ ಹೋದರೂ ಅದು ಓಡಲಿಲ್ಲ. ಎರಡು ದಿನ ಬಾಟಲಿಯಲ್ಲಿ ಹಾಲು ಕುಡಿಸಿ ನೋಡಿದ, ಉಳಿಯಲಿಲ್ಲ.

ತಾಯಿ ಜಿಂಕೆಯ ಭುಜದ ಎಲುಬಿನಿಂದ ಕಿತ್ತ ಗುಂಡು ದಪ್ಪನೆಯದು, ಒಂಬತ್ತು ಮಿಲಿಮೀಟರಿಗೂ ಮೇಲೆ. ಊರಿನಲ್ಲಿ ಅಂಥ ಕೋವಿ ಇದ್ದವರು ಇಬ್ಬರೇ. ಒಬ್ಬ ಆಸ್ಪತ್ರೆಯಲ್ಲಿದ್ದ, ಇನ್ನೊಬ್ಬನ ನಳಿಗೆಗೆ ತುಕ್ಕು ಹಿಡಿದು ಜೇಡ ಮನೆ ಮಾಡಿತ್ತು. ಆಂಬ್ರೋಸ್ ಈ ಸಂಗತಿ ಹೇಳಿದ್ದು ಕಿಲಿಯನ್ ಒಬ್ಬನಿಗೆ. ಕಿಲಿಯನ್ ಬೇಟೆ ಸಂಘದ ಮುಖಂಡ, ಆಂಬ್ರೋಸನಿಗೆ ಬೇಟೆ ಕಲಿಸಿದ ಮುದುಕ. ಅವನು ಗುಂಡನ್ನು ಅಂಗೈಯಲ್ಲಿ ಹೊರಳಿಸಿ, ಇದು ನಮ್ಮವರ ಕೆಲಸ ಅಲ್ಲ ಎಂದಿದ್ದ. "ಘಟ್ಟದಾಚೆಯವರು ಹೀಗೇ ಕಣೋ. ಇವತ್ತು ನಿನ್ನೆಯ ಬುದ್ಧಿ ಅಲ್ಲ ಅವರದ್ದು."

ಘಟ್ಟದಾಚೆಯಿಂದ ಈ ಊರಿಗೆ ಬಂದು ನೆಲೆಸಿದವನು ಒಬ್ಬನೇ. ಆಂಬ್ರೋಸನ ಮಗಳು ಲೋರೆಯನ್ನು ಮದುವೆಯಾದ ಬಡಗಿ ರೋಮೆಡ್. ಅಂದು ಆ ಮಾತು ಆಂಬ್ರೋಸನ ಮನಸ್ಸಿಗೆ ಹತ್ತಿರಲಿಲ್ಲ. ಈಗ ಗೆರ್ಲಿಂಡೆಯ ಅಂಗಡಿಯಿಂದ ಮರಳುವ ದಾರಿಯುದ್ದಕ್ಕೂ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಕಾಡಿತು. ಬದಲಿಸುವ ನಳಿಗೆಯ ಕೋವಿ ಇದ್ದವನ ಹೆಜ್ಜೆ ಹಿಡಿಯುವುದು ಹೇಗೆ? ಹಗಲಿಗೊಂದು ನಾಲಿಗೆ, ಇರುಳಿಗೊಂದು.

ಗುರುವಾರ ಮಗಳ ಮನೆಗೆ ಊಟಕ್ಕೆ ಹೋದ. ಲೋರೆ ಸಾರಿನಲ್ಲಿ ಹಂದಿಮಾಂಸ ಬೆರೆಸಿದ ಬ್ರೆಡ್ಡಿನ ಉಂಡೆಗಳನ್ನು ತೇಲಿಸಿ ಬಡಿಸಿದಳು. ರೋಮೆಡ್ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಆಂಬ್ರೋಸ್ ಅದೂ ಇದೂ ಮಾತಾಡಿ, ಈ ಸಲ ಬೆಂಕಿ ಹಬ್ಬದಲ್ಲಿ ಯಾರು ಯಾರು ಮೇಲೆ ಹೋಗಿದ್ದರು ಎಂದು ತೆಗೆದ. ರೋಮೆಡನೂ ಸೌದೆ ಹೊತ್ತು ಹೋಗಿದ್ದನೆಂದು ಲೋರೆ ಹೇಳಿದಳು. ಹಾಗಾದರೆ ಬೆಂಕಿಯ ಹತ್ತಿರ ತಾನು ಅವನನ್ನು ಕಾಣಲಿಲ್ಲವಲ್ಲ ಎಂದ ಆಂಬ್ರೋಸ್. ಮನೆಗೆ ಬಂದಾಗ ಹೇಗಿದ್ದ, ಏನಾದರೂ ಹೇಳಿದನಾ ಎಂದೂ ಕೇಳಿದ.

ಲೋರೆ ಚಮಚ ಕೆಳಗಿಟ್ಟಳು.

"ಊಟ ಮಾಡಲಿಲ್ಲ. ಅಂಗಳದಲ್ಲಿ ನಿಂತು ಕೈ ತೊಳೀತಾನೇ ಇದ್ದ. ಅಪ್ಪ, ನೀನು ಕೇಳ್ತಿರೋದು ಅಳಿಯನ ಬಗ್ಗೆಯೋ, ಕಳ್ಳನ ಬಗ್ಗೆಯೋ?"

"ಸುಮ್ನೆ ಕೇಳ್ದೆ."

"ನೀನು ಸುಮ್ನೆ ಏನೂ ಕೇಳೋನಲ್ಲ," ಎಂದು ಅವಳು ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡು ಹೋದಳು. ಒಂದು ಉಂಡೆ ಇನ್ನೂ ಉಳಿದಿತ್ತು.

ಶನಿವಾರ ಬೆಳಿಗ್ಗೆ ಊರ ಮೇಲಿನ ಗುರಿ ಮೈದಾನದಲ್ಲಿ ರೋಮೆಡ್ ಹೊಸ ಕೋವಿಯನ್ನು ಹೊಡೆದು ನೋಡಿ ಗುರಿ ಕಟ್ಟುವುದೆಂದು ಮಾತಾಗಿತ್ತು. ಆಂಬ್ರೋಸ್ ಆ ಗುಂಡನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ಹೋದ. ಅಳಿಯನ ಮುಂದೆ ಅದನ್ನಿಟ್ಟು ಮುಖ ನೋಡುವುದು, ಮುಖ ಹೇಳಿದ್ದನ್ನು ಬೇಟೆ ಪರವಾನಗಿಯ ಕಚೇರಿಗೆ ಹೇಳುವುದು. ಮಗಳ ಸಂಸಾರ ಏನಾಗುತ್ತದೆಂಬುದನ್ನು ಯೋಚಿಸಬಾರದೆಂದು ಗಟ್ಟಿ ಮನಸ್ಸು ಮಾಡಿದ್ದ.

ಅಲ್ಲಿ ಕಿಲಿಯನ್ ಮೊದಲೇ ಬಂದು ಕೂತಿದ್ದ. ಗಂಡು ಜಿಂಕೆಗಳು ಬೆದೆಗೆ ಬಂದು ಕೂಗಲು ಶುರುಮಾಡುವ ಮೊದಲು ತನ್ನ ಕೋವಿಯನ್ನೂ ಒಮ್ಮೆ ನೋಡಿಬಿಡೋಣವೆಂದು ಬಂದೆ ಎಂದ. ತೊಗಲಿನ ಪೆಟ್ಟಿಗೆ ತೆರೆದು ಮೇಜಿನ ಮೇಲಿಟ್ಟ. ಬದಲಿಸುವ ನಳಿಗೆಯ ಕೋವಿ ಅದು, ಊರಿಗೆಲ್ಲ ಗೊತ್ತು. ಆದರೆ ಅವನಲ್ಲಿರುವುದು ಸಣ್ಣ ನಳಿಗೆ ಒಂದೇ ಎಂಬುದೂ ಊರಿಗೆಲ್ಲ ಗೊತ್ತು. ಆಂಬ್ರೋಸ್ ಆ ಪೆಟ್ಟಿಗೆಯ ಒಳಗನ್ನು ಸರಿಯಾಗಿ ನೋಡಿದ್ದು ಅಂದೇ. ಒಳಗಿನ ಮಖಮಲ್ಲಿನಲ್ಲಿ ನಳಿಗೆಗೆಂದು ಕೊರೆದ ಗುಂಡಿಗಳು ಎರಡು. ಒಂದು ಖಾಲಿ. ಖಾಲಿಯದರ ಬಟ್ಟೆಯೂ ಸವೆದು ಹೊಳಪಾಗಿತ್ತು, ಅಲ್ಲೂ ಏನನ್ನೋ ಇಟ್ಟು ತೆಗೆದ ಹಾಗೆ.

ಕಿಲಿಯನ್ ಕೋವಿಯನ್ನು ರೋಮೆಡನತ್ತ ತಳ್ಳಿದ. ರೋಮೆಡ್ ದಿನಾ ಮಾಡುವ ಕೆಲಸದಂತೆ ಬಟ್ಟೆ ತೆಗೆದುಕೊಂಡು, ಜಾಗ ಒರೆಸಿ, ನಳಿಗೆ ಕೂರಿಸಿ, ತಿರುಪು ಬಿಗಿದು ಕೊಟ್ಟ.

ಮೂರು ಗುಂಡು ಹೊಡೆದ ಕಿಲಿಯನ್ ಕೋವಿಯನ್ನು ಕೆಳಗಿಟ್ಟ. ಕೈಯಳತೆಯಲ್ಲೇ ಮುಕ್ಕಾಲಿಯ ಮೇಲೆ ದೂರದರ್ಶಕವಿತ್ತು. ಅವನು ಅದರತ್ತ ಬಗ್ಗಲಿಲ್ಲ.

"ಎಲ್ಲಿ ಬಿತ್ತು?" ಎಂದ ಮುದುಕ.

"ಕರಿ ವೃತ್ತದೊಳಗೇ," ಎಂದ ರೋಮೆಡ್. "ಒಂಚೂರು ಬಲಕ್ಕೆ."

ಆಂಬ್ರೋಸ್ ದೂರದರ್ಶಕಕ್ಕೆ ಕಣ್ಣು ಕೊಟ್ಟ. ಕರಿ ವೃತ್ತದೊಳಗೆ ಏನೂ ತಾಗಿರಲಿಲ್ಲ. ಕಾಗದದ ಮೂಲೆಯಲ್ಲೊಂದು ತೂತು, ಪಕ್ಕದ ಮರದ ಕಂಬದಲ್ಲಿ ಹೊಸ ಸಿಬಿರು. ಮೂರನೆಯದು ಎಲ್ಲಿಯೂ ಇಲ್ಲ.

"ಕಾಗದ ಬದಲಾಯಿಸಿ ಬರೋಣ ಬಾ," ಎಂದ ಅಳಿಯನಿಗೆ.

ಇಬ್ಬರೂ ಹುಲ್ಲಿನ ಮೇಲೆ ಗುರಿಹಲಗೆಯವರೆಗೆ ನಡೆದರು. ಅಲ್ಲಿ ಆಂಬ್ರೋಸ್ ಜೇಬಿನಿಂದ ಗುಂಡು ತೆಗೆದು ಅಂಗೈಯಲ್ಲಿ ಹಿಡಿದ. ರೋಮೆಡ್ ಅದನ್ನು ನೋಡಿದ, ಆಮೇಲೆ ದೂರದ ಮೇಜಿನ ಹಿಂದೆ ಕೂತಿದ್ದ ಮುದುಕನನ್ನು ನೋಡಿದ.

"ನಿಮಗೆ ಗೊತ್ತಾಗಿದೆ ಅಂತ ಅಂಗಡೀಲೇ ಅನ್ನಿಸ್ತು, ಮಾವ."

"ನನಗೆ ಗೊತ್ತಾಗಿದ್ದು ಬೇರೆ," ಎಂದ ಆಂಬ್ರೋಸ್. "ನೀನು ಹೇಳು."

ರೋಮೆಡ್ ಹೇಳಿದ. ವಸಂತದಿಂದಲೂ ಕಿಲಿಯನ್ ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದ, ಕಲಿಸಿಕೊಡುತ್ತೇನೆಂದು. ಕ್ರಮೇಣ ಕೋವಿ ಜೋಡಿಸುವುದು, ಮೃಗ ಎಲ್ಲಿದೆಯೆಂದು ತೋರಿಸುವುದು, ಎಲ್ಲ ರೋಮೆಡನ ಪಾಲಿಗೆ ಬಂತು. ದಪ್ಪ ನಳಿಗೆ ಹಿಂದೊಮ್ಮೆ ಹಂಗೇರಿಗೆ ಹಂದಿ ಬೇಟೆಗೆ ಹೋದಾಗ ಕೊಂಡದ್ದಂತೆ. ಬೆಂಕಿ ಹಬ್ಬದ ಸಂಜೆ ಅದನ್ನೇ ಹಾಕಿಸಿಕೊಂಡಿದ್ದ. ಜರಿಗಿಡದಲ್ಲಿ ಏನೋ ಕೆಂಪಗೆ ಅಲುಗಿತು. ಮರಿ ಹಾಕದ ಪಡ್ಡೆ, ಹೊಡೆಯಬಹುದು ಎಂದ ಕಿಲಿಯನ್. ಪಕ್ಕದಲ್ಲಿ ಮರಿ ಇದೆ ಎಂದು ರೋಮೆಡ್ ಹೇಳಿ ಮುಗಿಸುವಷ್ಟರಲ್ಲಿ ಗುಂಡು ಹೋಗಿತ್ತು. ಮೇಲೆ ಬೆಂಕಿ ಹಚ್ಚಿ ಪಟಾಕಿ ಸಿಡಿಸುತ್ತಿದ್ದರು, ಯಾರಿಗೂ ಕೇಳಿಸಲಿಲ್ಲ.

"ಆ ನಳಿಗೆ ಏನು ಮಾಡ್ತದೆ ಅಂತ ನಾನು ಹತ್ತಿರದಿಂದ ನೋಡ್ದೆ. ಕಿಲಿಯನ್ ಯಜಮಾನ್ರು ಮಗುವಿನ ಹಾಗೆ ಅತ್ತರು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು. ನಳಿಗೆ ನನ್ನ ಕೈಗೇ ಕೊಟ್ಟರು. ನನ್ನ ಹಲಗೆಗಳ ಅಟ್ಟಿಯ ಅಡಿಯಲ್ಲಿದೆ."

ಆಂಬ್ರೋಸ್ ಗುಂಡಿನ ಮೇಲೆ ಮುಷ್ಟಿ ಮುಚ್ಚಿದ. ನಾಳೆ ತಾನೇ ಅಳಿಯನ ಮರಗೆಲಸದ ಕೊಟ್ಟಿಗೆ ಶೋಧಿಸಿದರೆ ನಳಿಗೆ ಅಲ್ಲೇ ಸಿಗುತ್ತಿತ್ತು. ಘಟ್ಟದಾಚೆಯವನ ಹಲಗೆಗಳ ಅಡಿ.

ಮರಳಿ ಬಂದು ಗುಂಡನ್ನು ಕಿಲಿಯನ್‌ನ ಮುಂದೆ ಇಟ್ಟ. ಮುದುಕ ಮೇಜನ್ನು ತಡವಿ ಅದನ್ನು ಹುಡುಕಿ, ಎರಡು ಬೆರಳ ನಡುವೆ ಹಿಡಿದ. ಏನೆಂದು ಕೇಳಲಿಲ್ಲ.

"ಯಾವಾಗಿಂದ?" ಎಂದ ಆಂಬ್ರೋಸ್.

"ಹೋದ ಚಳಿಗಾಲದಿಂದ. ಓರೆಗಣ್ಣಿಗೆ ಎಲ್ಲಾ ಕಾಣ್ತದೆ. ನೇರ ನೋಡಿದ್ದೇ ಕಾಣೋಲ್ಲ."

"ಘಟ್ಟದಾಚೆಯವರು ಅಂದೆಯಲ್ಲ ನನಗೆ."

ಕಿಲಿಯನ್ ಗುಂಡನ್ನು ಮೇಜಿನ ಮೇಲಿಟ್ಟ. ರೋಮೆಡ್ ತಲೆಯೆತ್ತಿ ಒಮ್ಮೆ ಮಾವನನ್ನು, ಒಮ್ಮೆ ಮುದುಕನನ್ನು ನೋಡಿದ. ಈ ಮಾತು ಅವನಿಗೆ ಗೊತ್ತಿರಲಿಲ್ಲ.

"ಅಂದೆ," ಎಂದ ಕಿಲಿಯನ್. "ಹುಡುಗನ್ನ ಮನಸ್ಸಿನಲ್ಲಿಟ್ಟುಕೊಂಡೇ ಅಂದೆ. ಹೆದರಿಕೆ ಕಣೋ. ಪರವಾನಗಿ ಕಿತ್ಕೊಂಡ್ರೆ ನಾನು ಯಾರು?"

ರೋಮೆಡ್ ತನ್ನ ಹೊಸ ಕೋವಿಯನ್ನು ಒಂದು ಗುಂಡೂ ಹೊಡೆಯದೆ ಚೀಲಕ್ಕೆ ಹಾಕಿ ಕಟ್ಟಿದ. ಸೋಮವಾರ ನಾನೇ ಕಚೇರಿಗೆ ಹೋಗಿ ಎಲ್ಲ ಹೇಳುತ್ತೇನೆ, ಹುಡುಗನ ಹೆಸರು ಎತ್ತುವುದಿಲ್ಲ ಎಂದ ಕಿಲಿಯನ್. ಆಂಬ್ರೋಸ್ ಬಾಯಿ ತೆರೆಯುವ ಮೊದಲೇ ರೋಮೆಡ್ ಹೇಳಿದ: "ಹೆಸರು ನಾನೇ ಹೇಳ್ತೀನಿ. ನಳಿಗೆ ತರೋನು ನಾನು ತಾನೆ." ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಆಮೇಲೆ ಅವನು ಮುದುಕನ ಕಡೆ ಮತ್ತೆ ನೋಡಲಿಲ್ಲ. ಮಾವನ ಕಡೆಯೂ ನೋಡಲಿಲ್ಲ.

ಇಳಿಯುವಾಗ ಅವನು ಮುಂದೆ ಹೋದ. ಹಿಂದೆ ಕಿಲಿಯನ್ ಆಂಬ್ರೋಸನ ತೋಳು ಹಿಡಿದು ನಡೆದ. ಹಿಡಿದುಕೋ ಎಂದು ಯಾರೂ ಹೇಳಿರಲಿಲ್ಲ. ತಿರುವಿನಲ್ಲಿ ಗಂಟೆಗಳ ಸದ್ದು ಕೇಳಿತು. ಬೇಸಿಗೆಯೆಲ್ಲ ಮೇಲಿನ ಹುಲ್ಲುಗಾವಲಿನಲ್ಲಿದ್ದ ದನಗಳನ್ನು ಊರಿಗೆ ಇಳಿಸುತ್ತಿದ್ದರು. ಮೂವರೂ ದಾರಿ ಬಿಟ್ಟು ಬೇಲಿಗೆ ಒರಗಿ ನಿಂತರು. ಒಂದೂ ಸಾಯದೆ ಎಲ್ಲ ಮರಳಿದರೆ ದನಗಳಿಗೆ ಹೂವಿನ ಕಿರೀಟ ಕಟ್ಟಿ ತರುತ್ತಾರೆ.

ದನಗಳು ಬಿಸಿಯುಸಿರು ಬಿಡುತ್ತ ಹತ್ತಿರದಲ್ಲೇ ಹಾದುಹೋದವು. ಕಿಲಿಯನ್ ಮುಖವನ್ನು ಓರೆ ಮಾಡಿ ಸದ್ದಿನ ಕಡೆ ತಿರುಗಿಸಿದ.

"ಹೂವು ಕಟ್ಟಿದ್ದಾರಾ?"

ಆಂಬ್ರೋಸ್ ನೋಡಿದ. ಮೊದಲನೆಯದರ ಕೊಂಬಿನಲ್ಲಿ ಒಂದು ಕಪ್ಪು ಪಟ್ಟಿ ಇತ್ತು. ಹಿಂದಿನವುಗಳ ಹಣೆ ಬರಿದಾಗಿತ್ತು. ದನ ಕಾಯುವ ಹೆಂಗಸು ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಳು.

"ಇಲ್ಲ," ಎಂದ. "ಈ ಸಲ ಇಲ್ಲ."

ಕಿಲಿಯನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಕೊನೆಯ ಕರು ದಾಟಿ ಹೋಗುವವರೆಗೂ ಮೂವರೂ ಹಾಗೆಯೇ ನಿಂತಿದ್ದರು.