ಕರ್ನಲ್ ಹೆಸರಿನ ಕೌಂಟಿ

ಅಪರ್ಣಾ ಬರೆದ ವಾಕ್ಯವನ್ನು ಟೀಮ್ ಲೀಡ್ ಚಿರಾಗ್ ಮತ್ತೆ ತಿದ್ದಿದ್ದ.

ಲಾಕ್‌ಡೌನಿನಿಂದ ಸ್ಯಾಂಡಿಫರ್ಡ್‌ನ ಆಫೀಸು ಮುಚ್ಚಿತ್ತು. ಅವಳು ಐರಿಶ್ ಪಟ್ಟಣ ಅತ್ಲೋನ್‌ನ ಬಾಡಿಗೆ ಮನೆಯ ಅಡುಗೆಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಅಮೆರಿಕದ ಒಂದು ರಾಜ್ಯದ ಪ್ರವಾಸಿ ವೆಬ್‌ಸೈಟಿಗೆ, ಅಲ್ಲಿನ ಕೌಂಟಿಗಳಿಗೆ, ಅಂದರೆ ಜಿಲ್ಲೆಗಳಿಗೆ, ಹೆಸರು ಹೇಗೆ ಬಂತೆಂದು ಬರೆಯುವ ಕೆಲಸ. ಒಂದು ಕೌಂಟಿಗೆ ಮೂಲನಿವಾಸಿಗಳ ಹೆಸರು. ಅದರ ಪಕ್ಕದ್ದಕ್ಕೆ ಅವರನ್ನು ಓಡಿಸಿದ ಕರ್ನಲ್‌ನ ಹೆಸರು. ‘ಅವರ ಹಳ್ಳಿಗಳನ್ನು ಸುಟ್ಟವನು’ ಎಂದು ಅವಳು ಬರೆದಿದ್ದಳು. ಈಗ ಅಲ್ಲಿ ‘ಗಡಿ ಕಾಯ್ದ ವೀರ’ ಎಂದಿತ್ತು.

ತಕ್ಷಣ ಚಿರಾಗ್‌ಗೆ ಕಾಲ್ ಮಾಡಿದಳು. “ಯಾವ ವೀರ? ಮಕ್ಕಳು ಮಲಗಿದ್ದ ಮನೆಗೆ ಬೆಂಕಿ ಇಟ್ಟವನು!”

“ಟೂರಿಸ್ಟ್‌ಗಳಿಗೆ ಬರೀತಿದೀವಿ, ಅಪರ್ಣಾ. ಹೀಗಿದ್ರೇ ಗ್ರ್ಯಾಂಡ್, ಚೆನ್ನಾಗೇ ಇದೆ, ಬಿಡು.”

“ನಿಂಗೆ ಗ್ರ್ಯಾಂಡ್. ನಾನು ಸುಳ್ಳು ಬರೆಯಲ್ಲ.”

“ನಿನ್ನ ವರ್ಕ್ ಪರ್ಮಿಟ್ ರಿನ್ಯೂವಲ್ ಹತ್ರ ಐತೆ. ಸ್ವಲ್ಪ ನೋಡ್ಕೊಂಡು ಮಾತಾಡು.”

ಅವಳಿಗೆ ಮೈಯೆಲ್ಲ ಉರಿಯಿತು. ಫೋನ್ ಕುಕ್ಕಿ ಹಿತ್ತಲಿಗೆ ಬಂದಳು. ಗೋಡೆಯಾಚೆ ಪಕ್ಕದ ಮನೆಯ ನೋರಾ ಬಟ್ಟೆ ಒಣಗಹಾಕುತ್ತಿದ್ದರು. ಎಂಬತ್ತರ ಮುದುಕಿ. ಇವಳ ಮುಖ ನೋಡಿ, ಮಾಸ್ಕ್ ಏರಿಸಿಕೊಂಡು, ದೂರದಿಂದಲೇ ಏನಾಯಿತೆಂದು ಕೇಳಿದರು. ಅಪರ್ಣಾ ಎಲ್ಲ ಹೇಳಿದಳು.

“ಇಂಗ್ಲಿಷರು ನಮ್ಮ ಆಫಲಿ ಕೌಂಟಿಯನ್ನ ತಮ್ಮ ರಾಜನ ಹೆಸರಲ್ಲಿ ಕಿಂಗ್ಸ್ ಕೌಂಟಿ ಅಂತ ಮಾಡಿದ್ರು,” ಎಂದರು ನೋರಾ. “ಆ ರಾಜ ಈ ನೆಲದಲ್ಲಿ ಕಾಲೂ ಇಟ್ಟವನಲ್ಲ. ನಮ್ಮಪ್ಪನ ಮುಂದೆ ಯಾರಾದ್ರೂ ಆ ಹೆಸರೆತ್ತಿದ್ರೆ ಊಟ ಬಿಟ್ಟು ಏಳ್ತಿದ್ರು.”

ಮರುದಿನ ಅಮೆರಿಕದ ಕ್ಲೈಂಟ್ ಜೊತೆ ಮೀಟಿಂಗ್ ಇತ್ತು. ಚಿರಾಗ್ ಪುಟ ತೋರಿಸಿ ಮುಗಿಸುವಷ್ಟರಲ್ಲಿ ಅಪರ್ಣಾ ಬಾಯಿ ಹಾಕಿದಳು: “ಈ ಕರ್ನಲ್ ಹಳ್ಳಿಗಳನ್ನು ಸುಟ್ಟಿದ್ದು ನಿಮ್ಮದೇ ರಾಜ್ಯದ ದಾಖಲೆಯಲ್ಲಿದೆ. ಅದನ್ನೇಕೆ ಹಾಕಬಾರದು?”

ಕ್ಲೈಂಟ್ ಹೆಂಗಸು ಗಂಟಲು ಸರಿಮಾಡಿಕೊಂಡು, ಆ ಒಂದು ಕೌಂಟಿಗೆ ವಿವರಣೆಯೇ ಬೇಡ, ಹೆಸರಷ್ಟೇ ಸಾಕು ಎಂದಳು.

ಮೀಟಿಂಗ್ ಮುಗಿದ ಮೇಲೆ ಚಿರಾಗ್ ಫೋನ್ ಮಾಡಿದ. “ವೀರ ಅನ್ನೋದು ಹೋಯ್ತಲ್ಲ. ಸುಳ್ಳಿಗಿಂತ ಖಾಲಿ ವಾಸಿ. ಇನ್ನಾದ್ರೂ ಸುಮ್ನಿರ್ತೀಯಾ?”

“ಸತ್ತವರ ವಿಷ್ಯನೂ ಹೋಯ್ತಲ್ಲೋ! ಅದು ವಾಸಿನಾ?”

“ನಿನ್ನನ್ನ ಈ ಪ್ರಾಜೆಕ್ಟ್‌ನಿಂದ ತೆಗಿಬೇಕಾಗುತ್ತೆ.”

“ತೆಗಿ,” ಎಂದಳು. “ಯಾಕೆ ತೆಗೆದೆ ಅಂತ ಮಾತ್ರ ಎಲ್ಲರಿಗೂ ಮೇಲ್ ಹಾಕು. ನೀನು ಹಾಕದಿದ್ರೆ ನಾನೇ ಹಾಕ್ತೀನಿ.”

ಸಂಜೆಯವರೆಗೆ ಕಾದಳು. ಅವನು ಹಾಕಲಿಲ್ಲ. ಅವಳು ಹಾಕಿದಳು.