ಎಣಿಸದ ಹಾಜರಿ

ಎಪ್ಪತ್ತೊಂದನೇ ಇಸವಿ, ತಮಿಳರ ಆನಿ ತಿಂಗಳು, ಗಾಳಿ ಎದ್ದ ಕಾಲ. ಕುರಿಗಳು ಮೇವಿಗೆ ಹೊರಟಿದ್ದವು, ದಾರಿಯ ಧೂಳು ಇನ್ನೂ ಕೂತಿರಲಿಲ್ಲ. ಆ ಬೆಳಗಿನ ಹೊತ್ತಿನಲ್ಲಿ ಮಿಷನ್ ಸ್ಕೂಲಿನ ಅಂಗಳದಲ್ಲಿ ಹೊಸ ಟೀಚರಮ್ಮ ಮಕ್ಕಳ ಕಡೆ ಒಬ್ಬೊಬ್ಬರಿಗೂ ಬೊಟ್ಟು ಮಾಡುತ್ತ, “ಒಂಡ್ರು, ಇರಂಡು, ಮೂಂಡ್ರು” ಎಂದು ಎಣಿಸುತ್ತಿದ್ದಳು.

ಬೇಲಿಯಾಚೆ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಜವರಪ್ಪನ ಹೆಂಡತಿ ದೊಡ್ಡಕ್ಕ ಓಡಿಬಂದು ಮಗಳು ರಾಜಾತಿಯ ತಲೆಯ ಮೇಲೆ ಸೆರಗು ಹಾಕಿದಳು. ಅಷ್ಟರಲ್ಲಿ ಬೊಟ್ಟು ರಾಜಾತಿಯನ್ನು ದಾಟಿಹೋಗಿತ್ತು.

“ಏನೇ ಅದು, ಮಕ್ಕಳ್ನ ಬೊಟ್ಟು ಮಾಡಿ ಎಣಿಸ್ತಾವ್ಳೆ!” ಎಂದಳು ಒಬ್ಬಳು.

“ದೊರೆಸಾನಿ ಅಲ್ವಾ, ಅವರ ಸೀಮೇಲಿ ಅಂಗೇ ಇರ್ಬೌದು.”

“ಅವರ ಸೀಮೇಲಿ ಎಂಗಾರ ಇರ್ಲಿ. ನನ್ನ ಮಗಳು ಅವರ ಸೀಮೇದಾ?” ಎಂದ ದೊಡ್ಡಕ್ಕ ಮಗಳನ್ನು ಎಳೆದುಕೊಂಡು ಹೊರಟೇಹೋದಳು.

ಟೀಚರಮ್ಮನ ಹೆಸರು ಎಲೆನ್. ವೇಲ್ಸ್ ಎನ್ನುವ ಗುಡ್ಡದ ಸೀಮೆಯವಳು. ಸೇಲಂನ ಸಭೆಯವರು ಕರೆಸಿಕೊಂಡು, ಕೊಡೈಕಾನಲ್‌ನಲ್ಲಿ ಕೂರಿಸಿ ತಮಿಳು ಕಲಿಸಿ, ಹರೂರಿನ ಆಚೆಯ ಈ ಕರಡಿಗುಟ್ಟೆ ಹಟ್ಟಿಗೆ ಕಳಿಸಿದ್ದರು. ಅವಳು ಕಲಿತದ್ದು ಪುಸ್ತಕದ ತಮಿಳು. ಹಟ್ಟಿಯವರದು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಬೀದಿಯ ತಮಿಳು. ಅವಳ ಮಾತು ಎರಡಕ್ಕೂ ಸೇರಲಿಲ್ಲ. ಆದರೂ ಸೇಲಂನವರು ಬಸ್ಸು ಹತ್ತಿಸುವಾಗ ಹೇಳಿದ್ದನ್ನು ಅವಳು ಮರೆತಿರಲಿಲ್ಲ. ಈ ಸ್ಕೂಲಿಗೆ ಮೊದಲು ಬಂದ ಇಬ್ಬರು ವಾಧ್ಯಾರರೂ ವರ್ಷ ತುಂಬುವ ಮುಂಚೆ ಬಿಟ್ಟುಹೋಗಿದ್ದರು. ಸಂಕ್ರಾಂತಿಯ ತೈ ತಿಂಗಳಲ್ಲಿ ಕುರಿಮಂದೆ ಕಡಯಂಪಟ್ಟಿ ಕಡೆಯ ಕೊಯ್ದ ಗದ್ದೆಗಳಿಗೆ ಗೊಬ್ಬರಕ್ಕೆ ಹೋಗುತ್ತದೆ, ಮಕ್ಕಳೂ ಅದರ ಹಿಂದೆ ಹೋಗುತ್ತವೆ, ಮತ್ತೆ ಸ್ಕೂಲಿಗೆ ಬರುವುದಿಲ್ಲ. ಈ ವರ್ಷ ಸರ್ಕಾರದ ಒಪ್ಪಿಗೆ ಸಿಗಬೇಕು, ತೈ ತಿಂಗಳಲ್ಲೂ ಮಕ್ಕಳು ನಿಲ್ಲಬೇಕು. ಇಲ್ಲದಿದ್ದರೆ ಸ್ಕೂಲಿಗೆ ಬೀಗ. ಬೀಗ ಬಿದ್ದರೆ ಎಲೆನ್‌ಗೆ ಊಟಿಯ ಇಂಗ್ಲಿಷ್ ಸ್ಕೂಲಿನಲ್ಲಿ ಜಾಗ ಇತ್ತು. ಅವಳಿಗೆ ಅಲ್ಲಿಗೆ ಹೋಗುವ ಮನಸ್ಸಿರಲಿಲ್ಲ.

ಆ ವಾರವೇ ರಾಜಾತಿಗೆ ಜ್ವರ ಬಂತು, ಮೈ ಕೆಂಡ. ಮಾರನೇ ದಿನ ಸ್ಕೂಲಿಗೆ ಒಂದು ಮಗುವೂ ಬರಲಿಲ್ಲ, ಅದರ ಮಾರನೇ ದಿನವೂ ಇಲ್ಲ. ಎಲೆನ್ ಹುಣಿಸೆಮರಕ್ಕೆ ಕಟ್ಟಿದ ಕಬ್ಬಿಣದ ತುಂಡನ್ನು ಹೊತ್ತಿಗೆ ಸರಿಯಾಗಿ ಬಡಿದು, ಬಾಗಿಲಲ್ಲಿ ನಿಂತು ಕಾಯುವಳು. ಕಾಗೆಗಳು ಎದ್ದು ಮತ್ತೆ ಕೂರುವವು. ದಾರಿಯಲ್ಲಿ ಹೋಗುವ ಜವರಪ್ಪ, “ಇಷ್ಟು ಬಡಿದ್ರೆ ಹರೂರಿನ ಮಕ್ಕಳು ಬಂದಾವು ಟೀಚರಮ್ಮ, ನಮ್ಮವು ಬರಾಕಿಲ್ಲ” ಎಂದು ನಗುತ್ತ ಹೋಗುವನು. ಏಕೆ ಎಂದು ಮಾತ್ರ ಅವನೂ ಹೇಳಲಿಲ್ಲ, ಯಾರೂ ಹೇಳಲಿಲ್ಲ.

ಕೊನೆಗೆ ಅವಳೇ ಒಂದು ಸಂಜೆ ಜವರಪ್ಪನ ಮನೆಗೆ ಹೋದಳು. ರಾಜಾತಿ ಜಗಲಿಯ ಮೇಲೆ ಗಂಜಿ ಕುಡಿಯುತ್ತಿದ್ದಳು, ಜ್ವರ ಇಳಿದಿತ್ತು. ದೊಡ್ಡಕ್ಕ ಮುಖ ತಿರುಗಿಸಿ ಒಳಗೆ ಹೋದಳು. ಹಿತ್ತಿಲಲ್ಲಿ ಮುಳ್ಳುಬೇಲಿಯ ರೊಪ್ಪದ ಬಾಯಲ್ಲಿ ಜವರಪ್ಪನ ತಾಯಿ ಕಾಳಿಯಮ್ಮ ಕೋಲೂರಿ ನಿಂತಿದ್ದಳು. ಮೇವಿನಿಂದ ಬಂದ ಕುರಿಗಳು ಒಂದರ ಹಿಂದೆ ಒಂದು ಒಳಗೆ ನುಗ್ಗುತ್ತಿದ್ದವು.

“ಪಾಟೀ, ಮಕ್ಕಳು ಏಕೆ ಬರುವುದಿಲ್ಲ?” ಎಂದು ಎಲೆನ್ ತನ್ನ ಪುಸ್ತಕದ ತಮಿಳಿನಲ್ಲಿ ಅಜ್ಜಿಯನ್ನು ಕೇಳಿದಳು.

ಮುದುಕಿ ಕುರಿಗಳ ಮೇಲಿನ ಕಣ್ಣು ತೆಗೆಯದೆ ಸಂತೆಯ ತಮಿಳಿನಲ್ಲಿ ಹೇಳಿದಳು, “ನೀನು ಎಣಿಸ್ದೆಯಲ್ಲ, ಅದಕ್ಕೆ.”

“ಎಣಿಸಬಾರದೇ?”

“ಕುರೀನ ಎಣಿಸ್ಬಾರ್ದು, ಮಕ್ಕಳ್ನೂ ಎಣಿಸ್ಬಾರ್ದು. ಎಣಿಸಿದ್ದು ಕಮ್ಮಿ ಆಯ್ತದೆ. ಇದು ನಿಂಗೆ ಯಾರೂ ಯೋಳಿಲ್ವಾ?”

ಎಲೆನ್ ಬೇಲಿಯ ಗೂಟ ಹಿಡಿದುಕೊಂಡಳು. “ನಮ್ಮ ಅಪ್ಪನೂ ಕುರಿ ಕಾಯುತ್ತಿದ್ದ, ಪಾಟೀ. ದಿನಾ ಸಂಜೆ ಬಾಗಿಲಲ್ಲಿ ನಿಂತು ಎರಡೆರಡಾಗಿ ಎಣಿಸುತ್ತಿದ್ದ.”

ಕಾಳಿಯಮ್ಮ ಆಗ ತಿರುಗಿ ನೋಡಿದಳು. “ನಿಮ್ಮಪ್ಪ ಕುರಿ ಕಾಯ್ತಿದ್ನಾ?”

“ಹೌದು.”

“ಎಣಿಸಿ ಎಣಿಸಿ ಕೊನೇಗೆ ಕುರಿ ಉಳಿದ್ವಾ?”

“ಇಲ್ಲ. ಎಲ್ಲ ಮಾರಿಬಿಟ್ಟ.”

“ನೋಡ್ದಾ!” ಎಂದು ಮುದುಕಿ ತೊಡೆ ತಟ್ಟಿದಳು. “ಲೇ ಜವರ, ಕೇಳ್ದೇನ್ಲಾ? ಇವಳ ಅಪ್ಪ ಎಣಿಸಿ ಎಣಿಸಿ ಮಂದೇನೇ ಮುಗಿಸ್ದ!” ಎಲೆನ್‌ಗೂ ನಗು ಬಂತು. ಇಬ್ಬರೂ ಬೇಲಿ ಹಿಡಿದು ನಕ್ಕರು. ಒಳಗಿನಿಂದ ಇಣುಕಿ ನೋಡಿದ ದೊಡ್ಡಕ್ಕ ನಗಲಿಲ್ಲ.

“ಎಣಿಸದೆ ಎಲ್ಲ ಬಂದವೆಂದು ಹೇಗೆ ಗೊತ್ತಾಗುತ್ತದೆ?” ಎಂದಳು ಎಲೆನ್.

“ನಿನ್ನ ಮನೇಲಿ ಊಟಕ್ಕೆ ಕೂತಾಗ ಎಣಿಸ್ತೀಯಾ? ಯಾರು ಬಂದಿಲ್ಲ ಅಂತ ನೋಡಿದ್ರೇ ಗೊತ್ತಾಗಲ್ವಾ? ಇವೂ ಅಂಗೇ. ಮೊಗ ನೋಡ್ಬೇಕು.”

ಮಾರನೇ ಸಂಜೆ ಎಲೆನ್ ಮತ್ತೆ ಬಂದಳು, ಅದರ ಮಾರನೇ ಸಂಜೆಯೂ ಬಂದಳು. ಯಾರೂ ಕರೆಯಲಿಲ್ಲ, ಬೇಡ ಅನ್ನಲೂ ಇಲ್ಲ. ಕಾಳಿಯಮ್ಮ ಒಂದೊಂದು ಕುರಿಯ ಹೆಸರು ಹೇಳುವಳು. ಇದು ಮೊಂಡುಗಿವಿ, ಇದು ಇದರ ಮಗಳು, ಇದು ತವರಿಂದ ದೊಡ್ಡಕ್ಕ ತಂದ ಕುರಿಯ ಮೊಮ್ಮಗಳು, ಇದು ಬರೀ ಕಳ್ಳಿ. ಎಲೆನ್ ತಪ್ಪು ಹೇಳಿದಾಗಲೆಲ್ಲ ಹಟ್ಟಿಯ ಹೆಂಗಸರು ಬಿದ್ದುಬಿದ್ದು ನಗುವರು. ಹೀಗೆ ಹೇಳುತ್ತ ಕೇಳುತ್ತ ಅವಳ ಬಾಯಿಗೆ ಕನ್ನಡವೂ ಬಂತು, ಅದೂ ರೊಪ್ಪದ ಕನ್ನಡ. ‘ಇದೆ’ ಎನ್ನುವುದು ಅವಳಿಗೆ ಕೊನೆಗೂ ಬರಲಿಲ್ಲ, ‘ಐತೆ’ ಎಂದೇ ಅನ್ನುವಳು.

ಒಂದು ದಿನ ಕಾಳಿಯಮ್ಮ ಸ್ಕೂಲನ್ನೂ ನೋಡಿಬರಲು ಹೋದಳು. ಗೋಡೆಯ ಮೇಲೆ ಕೋಲು ಹಿಡಿದ ಯೇಸುವಿನ ಪಟ ಇತ್ತು, ಹಿಂದೆ ಕುರಿಮಂದೆ. ಮುದುಕಿ ಬಹಳ ಹೊತ್ತು ನೋಡಿದಳು.

“ಈಯಪ್ಪ ಕುರಿ ಕಾಯೋನಾ?”

“ಹೌದು ಪಾಟೀ.”

“ಬಟ್ಟೆ ನೋಡಿದ್ರೆ ಅಂಗೆ ಕಾಣಾಕಿಲ್ಲ. ಇಷ್ಟು ಬೆಳ್ಳಗೆ ಐತೆ. ಒಂದಿನ ಮಂದೆ ಜತೆ ಮಲಗಿದ್ರೆ ತಿಳೀತಿತ್ತು.” ಆದರೂ ಹೋಗುವಾಗ ಪಟಕ್ಕೆ ಕೈಮುಗಿದೇ ಹೋದಳು.

ಆವಣಿ ತಿಂಗಳಲ್ಲಿ ಒಂದು ಸಂಜೆ ಮಳೆ ಬರುವ ಹಾಗಿತ್ತು. ಕುರಿಗಳು ಬೆದರಿ ಒಂದೇ ಸಮನೆ ರೊಪ್ಪಕ್ಕೆ ನುಗ್ಗಿದವು. ಜವರಪ್ಪ ಬೀಡಿ ಹಚ್ಚಿಕೊಂಡು, “ಎಲ್ಲಾ ಬಂದ್ವು, ಮುಳ್ಳು ಎಳೆಯವ್ವ” ಎಂದ. ಕಾಳಿಯಮ್ಮ ಮುಳ್ಳಿನ ಕಂತೆಗೆ ಕೈ ಹಾಕಿದಳು, ಆದರೆ ಎಳೆಯಲಿಲ್ಲ. ಸುಮ್ಮನೆ ಎಲೆನ್‌ಳ ಮುಖ ನೋಡಿದಳು.

ಎಲೆನ್ ರೊಪ್ಪದೊಳಗೆ ಕಣ್ಣು ಆಡಿಸಿದಳು. ಬೆರಳು ಎತ್ತಲಿಲ್ಲ, ತುಟಿ ಅಲ್ಲಾಡಿಸಲಿಲ್ಲ.

“ಕಳ್ಳಿ ಬಂದಿಲ್ಲ” ಎಂದಳು. “ಅವಳ ಮರಿಯೂ ಇಲ್ಲ.”

ಜವರಪ್ಪ ಬೀಡಿ ತೆಗೆದು ನೋಡಿದ. ಮತ್ತೆ ಒಂದು ಸಲ ನೋಡಿದ. “ಅಯ್ಯೋ, ಔದಲ್ಲವ್ವ!”

“ನಂಗೆ ಆಗ್ಲೇ ಗೊತ್ತಿತ್ತು” ಎಂದಳು ಕಾಳಿಯಮ್ಮ. “ಇವಳು ಯೋಳ್ತಾಳಾ ಅಂತ ನೋಡ್ದೆ. ಓಗು, ಓಗಿ ಉಡುಕು.” ಕಳ್ಳಿ ಹೊಲದ ಬಾವಿಯ ಹತ್ತಿರ ಮುಳ್ಳುಪೊದೆಯಲ್ಲಿ ಸಿಕ್ಕಿಕೊಂಡಿತ್ತು, ಮರಿ ಪಕ್ಕದಲ್ಲಿ ನಿಂತು ಅರಚುತ್ತಿತ್ತು. ಮಳೆ ಬೀಳುವ ಮುಂಚೆ ಎರಡನ್ನೂ ತಂದರು.

ಬೆಳಗಾದ ಮೇಲೆ ಕಾಳಿಯಮ್ಮ ರಾಜಾತಿಯ ಕೈ ಹಿಡಿದುಕೊಂಡು ಸ್ಕೂಲಿಗೆ ಬಂದಳು. ಹಿಂದೆಯೇ ಬಂದ ದೊಡ್ಡಕ್ಕ ಬೇಲಿಯಾಚೆಯೇ ನಿಂತಳು. ಎಲೆನ್ ಸ್ಕೂಲಿನ ಒಂದು ಬಾಗಿಲು ಮುಚ್ಚಿ, ಇನ್ನೊಂದರ ಪಕ್ಕದಲ್ಲಿ ರೊಪ್ಪದ ಬಾಯಲ್ಲಿ ನಿಲ್ಲುವ ಹಾಗೆ ನಿಂತಿದ್ದಳು. “ಬಾ ರಾಜಾತಿ” ಎಂದಳು, ಅಷ್ಟೆ. ಆ ವಾರದಲ್ಲಿ ಹಟ್ಟಿಯ ಎಲ್ಲ ಮಕ್ಕಳೂ ಆ ಬಾಗಿಲಿನಿಂದ ಒಳಗೆ ಬಂದವು. ಹಾಜರಿಯನ್ನು ಅವಳು ಮಕ್ಕಳು ಮನೆಗೆ ಹೋದ ಮೇಲೆ, ಒಬ್ಬಳೇ ಕೂತು, ಮುಖಗಳನ್ನು ನೆನೆದುಕೊಂಡು ಬರೆಯುವಳು.

ಮಾರ್ಗಳಿ ತಿಂಗಳಲ್ಲಿ ಡೆಪ್ಟಿ ಇನ್ಸ್‌ಪೆಕ್ಟರ್ ರಾಜಗೋಪಾಲ್ ಜೀಪಿನಲ್ಲಿ ಬಂದರು. ಒಪ್ಪಿಗೆ ಕೊಡುವುದೂ ಬಿಡುವುದೂ ಅವರ ಕೈಯಲ್ಲಿತ್ತು. ಸುದ್ದಿ ಕೇಳಿ ಹೆಂಗಸರೆಲ್ಲ ಬೇಲಿಯ ಹತ್ತಿರ ಸೇರಿದರು. ಇನ್ಸ್‌ಪೆಕ್ಟರ್ ಸಿಡುಕಿನ ಮನುಷ್ಯ. ಹಿಂದಿನ ತಿಂಗಳು ಇನ್ಯಾವುದೋ ಊರಿನಲ್ಲಿ ಪಕ್ಕದೂರಿನ ಮಕ್ಕಳನ್ನು ತಂದು ಕೂರಿಸಿ ಅವರಿಗೆ ಮೋಸ ಮಾಡಿದ್ದರು.

“ಇವರೆಲ್ಲ ಈ ಊರಿನ ಮಕ್ಕಳೇನಾ?” ಎಂದು ಕೇಳಿ, ಒಳಗೆ ಕೂತ ಮಕ್ಕಳ ಕಡೆ ಬಲಗೈ ಎತ್ತಿ ಬೊಟ್ಟು ಮಾಡಿದರು. ತುಟಿ ಆಗಲೇ “ಒಣ್ಣು” ಎಂದು ಎಣಿಸಲು ಹೊರಟಿತ್ತು.

ಬೇಲಿಯ ಹತ್ತಿರ ದೊಡ್ಡಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಲೆನ್‌ಗೆ ಅದು ಕಾಣಿಸಿತು. ಎಣಿಸಲು ಬಿಟ್ಟರೆ ನಾಳೆ ಮಕ್ಕಳಿಲ್ಲ, ತಡೆದರೆ ಒಪ್ಪಿಗೆ ಇಲ್ಲ. ಅವಳು ನಡೆದುಬಂದು ಬೊಟ್ಟಿಗೂ ಮಕ್ಕಳಿಗೂ ನಡುವೆ ನಿಂತಳು.

“ಸಾರ್, ಎಣಿಸಿದರೆ ತಲೆ ಮಾತ್ರ ಗೊತ್ತಾಗುತ್ತೆ. ಯಾರ ತಲೆ ಅಂತ ಗೊತ್ತಾಗಲ್ಲ. ರಿಜಿಸ್ಟರ್ ನೀವೇ ಇಟ್ಟುಕೊಳ್ಳಿ, ನಾನು ನೋಡಲ್ಲ. ಬಾಗಿಲ ಹತ್ತಿರ ಕೂತುಕೊಳ್ಳಿ. ಮಕ್ಕಳು ಹೊರಗೆ ಹೋಗಿ ಒಬ್ಬೊಬ್ಬರಾಗಿ ಬರಲಿ. ಪ್ರತಿಯೊಬ್ಬರ ಹೆಸರು, ಮನೆ, ಓದು ಎಲ್ಲ ಹೇಳ್ತೀನಿ. ಒಂದು ತಪ್ಪಿದರೂ ಸ್ಕೂಲು ಮುಚ್ಚಿ.”

ಇನ್ಸ್‌ಪೆಕ್ಟರ್ ಹುಬ್ಬು ಏರಿಸಿದರು. ಆದರೆ ಕುರ್ಚಿ ಎಳೆದು ಕೂತರು.

ಮೊದಲು ಬಂದದ್ದು ಒಂದು ಪುಟ್ಟ ಹುಡುಗಿ. “ಇವಳು ಯಲ್ಲಮ್ಮ. ಅಪ್ಪ ಚಿಕ್ಕಮುನಿಯಪ್ಪ. ಕೂಡುವ ಲೆಕ್ಕ ಬರುತ್ತೆ. ಕಳೆಯುವ ಲೆಕ್ಕ ಕೊಟ್ಟರೆ ಅಳ್ತಾಳೆ.” ಇನ್ಸ್‌ಪೆಕ್ಟರ್ ಪರೀಕ್ಷೆ ಮಾಡಲೆಂದು ಕಳೆಯುವ ಲೆಕ್ಕ ಕೇಳಿದರು. ಯಲ್ಲಮ್ಮನ ಕೆಳತುಟಿ ನಡುಗತೊಡಗಿತು. “ಸರಿ ಸರಿ, ಪೋ ಮ್ಮಾ” ಎಂದು ಗಾಬರಿಯಿಂದ ಒಳಗೆ ಕಳಿಸಿದರು.

“ಇವನು ಅಣ್ಣಯ್ಯಪ್ಪ. ತಾತನ ಹೆಸರು. ಪಾಠ ಚೆನ್ನಾಗಿ ಒಪ್ಪಿಸ್ತಾನೆ, ಪುಸ್ತಕ ತಲೆಕೆಳಗೆ ಹಿಡಿದರೂ ಒಪ್ಪಿಸ್ತಾನೆ.” ಇನ್ಸ್‌ಪೆಕ್ಟರ್ ಪುಸ್ತಕವನ್ನು ತಿರುವುಮುರುವಾಗಿ ಕೊಟ್ಟರು. ಹುಡುಗ ಗಡಗಡ ಒಪ್ಪಿಸಿದ. ಇನ್ಸ್‌ಪೆಕ್ಟರರ ಮೀಸೆ ಅಲ್ಲಾಡಿತು. ಬೇಲಿಯ ಹತ್ತಿರ ಯಾರೋ ಕಿಸಕ್ಕೆಂದರು.

ಹೀಗೆ ಮಕ್ಕಳು ಬರುತ್ತ ಹೋದವು. ಯಾರ ಮಗ, ಯಾರಿಗೆ ಹಲ್ಲು ಬಿದ್ದಿದೆ, ಯಾರಿಗೆ ನಾಯಿ ಕಂಡರೆ ಭಯ, ಯಾರು ಅಕ್ಷರವನ್ನು ಎಡಗೈಯಲ್ಲಿ ಬರೆದು ಅಮ್ಮನಿಂದ ಏಟು ತಿಂದರು, ಎಲ್ಲ ಎಲೆನ್ ಹೇಳಿದಳು. ಹೇಳಿದಂತೆಲ್ಲ ಇನ್ಸ್‌ಪೆಕ್ಟರ್ ರಿಜಿಸ್ಟರ್‌ನಲ್ಲಿ ಹೆಸರು ಹುಡುಕಿ ಗುರುತು ಹಾಕಿದರು. ಬೊಟ್ಟು ಮತ್ತೆ ಮೇಲೇಳಲಿಲ್ಲ.

ಕೊನೆಗೆ ರಾಜಾತಿ ಉಳಿದಳು. ಬಾಗಿಲಿಗೆ ಬಂದವಳು, ಹೊರಗೆ ಡ್ರೈವರು ಶುರುಮಾಡಿದ ಜೀಪಿನ ಸದ್ದಿಗೆ ಹೆದರಿ ಹಿಂದೆ ಸರಿದಳು. ಆಗ ಬೇಲಿ ದಾಟಿ ಬಂದವಳು ದೊಡ್ಡಕ್ಕ. ದೊಡ್ಡಕ್ಕ ಮಗಳ ಬೆನ್ನಿಗೆ ಕೈಯಿಟ್ಟು, “ಒಳಕ್ಕೆ ನಡಿಯೇ, ಟೀಚರಮ್ಮ ನಿಂತವ್ಳಲ್ಲ” ಎಂದು ಬಾಗಿಲೊಳಗೆ ದಬ್ಬಿದಳು. ರಾಜಾತಿ ಹಲಗೆ ಹಿಡಿದು ತನ್ನ ಹೆಸರು, ಅಪ್ಪನ ಹೆಸರು, ಹಟ್ಟಿಯ ಹೆಸರು ಬರೆದು ತೋರಿಸಿದಳು.

ಇನ್ಸ್‌ಪೆಕ್ಟರ್ ರಿಜಿಸ್ಟರ್ ಮುಚ್ಚಿದರು. ಬೇಲಿಯ ಕಡೆ ನೋಡಿ, ಮತ್ತೆ ಎಲೆನ್‌ಳ ಕಡೆ ತಿರುಗಿ ಮೆಲ್ಲಗೆ, “ಎಂಗ ಅಮ್ಮಾವುಂ ಇಪ್ಪಡಿದಾನ್” ಎಂದರು. ಅವರ ತಾಯಿಯೂ ಹಾಗೆಯೇ, ಪಂಕ್ತಿಯಲ್ಲಿ ಕೂತ ಮಕ್ಕಳನ್ನು ಯಾರಾದರೂ ಎಣಿಸಿದರೆ ಸೌಟು ಎತ್ತುತ್ತಿದ್ದಳಂತೆ. ಒಟ್ಟು ಎಷ್ಟು ಎಂದು ಅವರು ಜೀಪಿನೊಳಗೆ ಕೂತು ಬರೆದುಕೊಂಡರು. ಯಾರಿಗೂ ಕಾಣಿಸಲಿಲ್ಲ. ಒಪ್ಪಿಗೆಯ ಸಹಿಯನ್ನೂ ಅಲ್ಲೇ ಹಾಕಿ ಕೊಟ್ಟರು.

“ಈ ದೊರೆಸಾನೀನ ಮಂದೆ ಕಾಯಾಕೂ ಕಳಿಸ್ಬೌದು ಕಣ್ಲಾ” ಎಂದಳು ಕಾಳಿಯಮ್ಮ ಮಗನಿಗೆ.

ಪೊಂಗಲ್ ಮುಗಿಯಿತು. ಕಡಯಂಪಟ್ಟಿಯ ಗದ್ದೆಯವರು ಮಂದೆಗೆ ಹೇಳಿಕಳಿಸಿದರು. ಸ್ಕೂಲಿನ ಜಗಲಿಯಲ್ಲಿ ಗಂಡಸರು ಸೇರಿದರು. ಎಲೆನ್ ಬಾಗಿಲಲ್ಲಿ ನಿಂತಿದ್ದಳು.

“ಮಕ್ಕಳು ಇಲ್ಲೇ ಇದ್ರೆ ಮರಿ ಯಾರು ಒರ್ತಾರೆ?” ಎಂದ ಜವರಪ್ಪ.

“ನಿನ್ನ ಎಗಲ್ನ ಅರಕೆಗೆ ಬಿಟ್ಟಿದ್ದೀಯೇನ್ಲಾ?” ಎಂದಳು ಕಾಳಿಯಮ್ಮ. “ಅಟ್ಟೀಲಿ ನಾನು ಇರ್ತೀನಿ. ಮಕ್ಕಳಿಗೆ ಮುದ್ದೆ ತಿರುವಾಕೆ ನನ್ನ ಕೈ ಇನ್ನೂ ಬಿದ್ದೋಗಿಲ್ಲ.” ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಮುನಿಯಪ್ಪ ಟವಲು ಕೊಡವಿ ಎದ್ದ. ಅಲ್ಲಿಗೆ ಮಾತು ಮುಗಿಯಿತು.

ಹೊರಡುವ ಬೆಳಿಗ್ಗೆ ಎಲೆನ್ ಕಬ್ಬಿಣ ಬಡಿದಾಗ ಮಂದೆ ಆಗಲೇ ಸ್ಕೂಲಿನ ಮುಂದೆ ಹಾಯುತ್ತಿತ್ತು. ಮಕ್ಕಳು ಸಾಲಾಗಿ ಬಾಗಿಲಿನೊಳಗೆ ಹೋಗುತ್ತಿದ್ದವು. ದೊಡ್ಡಕ್ಕ ದಾರಿಯಲ್ಲಿ ನಿಂತು ಕೂಗಿದಳು:

“ಟೀಚರಮ್ಮ, ರಾಜಾತಿ ತಲೆಗೆ ಶುಕ್ರವಾರ ಶುಕ್ರವಾರ ಎಣ್ಣೆ ಇಕ್ಕು! ಅತ್ತೆಗೆ ಬಿಟ್ರೆ ಮರೀತದೆ!”

“ಆಯ್ತು ದೊಡ್ಡಕ್ಕ, ನೀನು ಓಗಿ ಬಾ!” ಎಂದು ಎಲೆನ್ ಕೂಗಿದಳು.

ತೈ ತಿಂಗಳು, ಬುಧವಾರ. ಜವರಪ್ಪ ಹೋದ, ಚಿಕ್ಕಮುನಿಯಪ್ಪ ಹೋದ, ದೊಡ್ಡಕ್ಕ ಹೋದಳು, ಉಳಿದ ಗಂಡಸರೂ ನಾಯಿಗಳೂ ಮಂದೆಯ ಜೊತೆ ಹೋದವು. ಈ ಸಲ ದೊಡ್ಡವರೇ ಹೊತ್ತ ಕಂಬಳಿ ಮಡಿಲಿನಿಂದ ಮರಿಗಳು ತಲೆ ಹೊರಗೆ ಹಾಕಿ ಹಿಂದಕ್ಕೆ, ಸ್ಕೂಲಿನ ಕಡೆ ನೋಡುತ್ತಿದ್ದವು.