ನೋಡುತ್ತಾ ಕೂತರೆ ನಡೆಯದ ಮುಳ್ಳು

ತಣ್ಣಗಿದೆ, ನೀರಿನ ಎಳೆಯೊಂದು ಮಣಿಕಟ್ಟಿಗೆ ಸುತ್ತಿಕೊಂಡ ಹಾಗೆ, ಕೊಂಡಿ ಸದ್ದಿಲ್ಲದೆ ಕೂತಿತು, ಬೆಳ್ಳಿಯಲ್ಲ ಈ ವಾಚು, ಪ್ಲಾಟಿನಂ, ಬೆಳ್ಳಿ ಅಂದರೆ ಅಜ್ಜಿಗೆ ಕೋಪ ಬರುತ್ತಿತ್ತು — ಕೈ ಸ್ವಲ್ಪ ಎಡಕ್ಕಮ್ಮಾ, ಹಾಂ, ಅಲ್ಲೇ, ಉಸಿರು ಬಿಡು, ನಿನ್ನ ಕೈ ಯಾರೂ ಕಿತ್ಕೊಳ್ಳಲ್ಲ, ಅನ್ನುತ್ತಾನೆ ಫೋಟೋದವನು, ಕಪ್ಪು ಮಖಮಲ್ಲಿನ ಮೇಲೆ ಅವಳ ಕೈ ಯಾರದೋ ಕೈಯ ಹಾಗೆ ಬಿದ್ದುಕೊಂಡಿದೆ, ಸುತ್ತ ವಜ್ರ, ನಡುವೆ ಅಂಗಿಯ ಗುಂಡಿಗಿಂತ ಚಿಕ್ಕ ಮುಖ, ಅದರೊಳಗೆ ಕಣ್ಣರೆಪ್ಪೆಯ ಕೂದಲಿನಂಥ ನೀಲಿ ಮುಳ್ಳು. ನಿಂತಿದೆ. ಅಜ್ಜಿ ಹೋದಮೇಲೆ ಯಾರೂ ಕೀ ಕೊಟ್ಟಿಲ್ಲ. ಅಜ್ಜಿಯ ಸೊಸೆಯ ಕೈಗಂತೂ ಅದರ ಸುತ್ತು ಸಾಲಲೇ ಇಲ್ಲ, ಮಗ ನಕ್ಕಿದ್ದಕ್ಕೆ, ನಿಮ್ಮಮ್ಮಂದು ಗುಬ್ಬಿ ಕೈ ರೀ, ನಂದು ಮನುಷ್ಯರ ಕೈ, ಅಂದರಂತೆ, ಅದಕ್ಕೇ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದ ಹುಡುಗಿಗೆ ಹೇಳಿಕಳಿಸಿದ್ದು, ಬಾರಮ್ಮ, ಮಾರೋಕೆ ಫೋಟೋ ಬೇಕಂತೆ, ನಿನ್ನ ಕೈಯಾದ್ರೆ ಸರಿಹೋಗುತ್ತೆ. ಅಜ್ಜಿಯ ಆ ಕೋಣೆಗೇ ಬಂದಳು. ಬಂದಮೇಲೆ ತಿಳಿಯಿತು, ಫೋಟೋ ಮುಗಿದ ಕೂಡಲೇ ವಾಚು ಹರಾಜಿನವರ ಪೆಟ್ಟಿಗೆಗೆ, ಅಲ್ಲಿಂದ ಹಳೇ ವಾಚು ಕೂಡಿಡುವ ಯಾರದೋ ಕಪಾಟಿಗೆ, ಅವರು ಕಟ್ಕೊಳ್ಳಲ್ಲಮ್ಮ, ಕೀನೂ ಕೊಡಲ್ಲ, ಸವೆಯುತ್ತೆ ಅಂತ, ಅಂದ ಫೋಟೋದವನು — ಹಾಗಾದರೆ ಇನ್ನು ಯಾವತ್ತೂ ನಡೆಯುವುದಿಲ್ಲವೇ, ಒಂದೇ ಒಂದು ಸಲ ಕೀ ಕೊಡಬೇಕು, ಕೊಡಲಾ ಅಂತ ಕೇಳಬೇಕು, ಕೇಳಬೇಕಾದರೆ ಬಾಯಿ ತೆರೆಯಬೇಕು, ಮಾತು ಗಂಟಲ ತನಕ ಬಂದು ಚಪ್ಪಲಿ ಹುಡುಕಿಕೊಂಡು ವಾಪಸು ಹೋಗುತ್ತದೆ.

ಗಂಟೆ ಎಷ್ಟೇ, ದಿಂಬಿಗೊರಗಿ ಕೇಳುತ್ತಿದ್ದರು ಅಜ್ಜಿ, ನನ್ನ ಕಣ್ಣು ಮಂಜು ಕಣೇ, ನೀನೇ ನೋಡಿ ಹೇಳು, ಅವಳಿಗೆ ಬೆವರು, ಅಂಕಿಯೇ ಇಲ್ಲ ಅದರಲ್ಲಿ, ಬರೀ ಗೀಟು, ಅರ್ಧಕ್ಕೇ ಸ್ಕೂಲು ಬಿಟ್ಟವಳು ಅಂತ ಹೇಳುವುದು ಹೇಗೆ, ಮೇಲಿಂದ ಎಣಿಸ್ತಾ ಬಾ, ಆತುರ ಏನು, ನಾನೆಲ್ಲಿಗೆ ಓಡಿಹೋಗ್ತೀನಿ, ತಪ್ಪು ಹೇಳಿದರೆ, ಅಯ್ಯೋ ಹಾಗಾದ್ರೆ ಇನ್ನೊಂದು ಸಲ ಊಟ ಹಾಕು, ಅಂತ ನಗು. ದಿನಾ ಕೇಳಿದರು, ದಿನಾ ಎಣಿಸಿದಳು, ಎಣಿಸದೆಯೇ ಹೇಳುವುದು ಯಾವಾಗ ಬಂತೋ. ಆಮೇಲೊಂದು ದಿನ ಬಾಗಿಲ ಸಂದಿಯಿಂದ ಕಂಡಳು, ಕಿಟಕಿಯ ಬಳಿ ಕೂತ ಅಜ್ಜಿ, ಕನ್ನಡಕವಿಲ್ಲದೆ, ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದ್ದು. ಹೆಜ್ಜೆ ಸದ್ದಾಗದಂತೆ ಹಿಂದೆ ಸರಿದಳು. ಸಂಜೆ ಮತ್ತೆ ಗಂಟೆ ಎಷ್ಟೇ, ಮತ್ತೆ ಬಗ್ಗಿ ನೋಡಿದಳು, ಹೇಳಿದಳು, ಇಬ್ಬರೂ ನಗಲಿಲ್ಲ. ಇಷ್ಟು ಚಿಕ್ಕ ಮುಖ ಯಾಕಜ್ಜಿ — ದೊಡ್ಡವರ ಮನೆ ಪಾರ್ಟೀಲಿ ಗಂಟೆ ನೋಡಿದ್ರೆ ಎದ್ದುಹೋಗೋ ಅವಸರ ಅಂದ್ಕೊಳ್ತಾರೆ, ಕದ್ದು ನೋಡೋಕೆ ಅಂತಾನೇ ನಮ್ಮೆಜಮಾನ್ರು ತಂದುಕೊಟ್ಟಿದ್ದು, ಆಮೇಲೆ ಅವರೇ ಮೊದಲು ಆಕಳಿಸೋರು. ಕೀ ಕೊಡುವ ಸಾಸಿವೆಯಷ್ಟು ತಿರುಪನ್ನು ಉಗುರ ತುದಿಯಲ್ಲಿ ತಿರುಗಿಸುವುದನ್ನೂ ಕಲಿಸಿದರು, ಅಜ್ಜಿಯ ಮಣಿಕಟ್ಟಿನ ಮೇಲೆ ಇಬ್ಬರೂ ಬಾಗಿ ನೋಡುತ್ತಿದ್ದರು ನೀಲಿ ಮುಳ್ಳನ್ನು, ಅಲ್ಲಾಡುವುದೇ ಇಲ್ಲವಲ್ಲ ಅಜ್ಜಿ — ನೋಡ್ತಾ ಕೂತ್ರೆ ನಡೆಯಲ್ಲ ಕಣೇ, ಅದಕ್ಕೂ ನಿನ್ನ ಹಾಗೇ ನಾಚಿಕೆ, ಆ ಕಡೆ ತಿರುಗು.

ಕ್ಯಾಮೆರಾದ ದೀಪ ಮಿಂಚಿತು, ಇನ್ನೊಂದು, ನಿಂತಿರೋದೇ ಒಳ್ಳೇದು ಸಾರ್, ಫೋಟೋದಲ್ಲಿ ಮುಳ್ಳು ಕದಲಲ್ಲ, ಅನ್ನುತ್ತಾನೆ ಫೋಟೋದವನು, ಸೊಸೆಯ ಪಕ್ಕ ನಿಂತ ಮಗನಿಗೆ, ಆಯ್ತು, ಬಿಚ್ಚಮ್ಮ, ಪೆಟ್ಟಿಗೆ ಬಾಯಿ ತೆರೆದು ಕಾದಿದೆ, ಕೊಂಡಿಯ ಮೇಲೆ ಅವಳ ಬೆರಳು, ಈಗ ತಾನೆ ಬೆಚ್ಚಗಾಗಿದೆ ಇದು — ಕೀ ಕೊಡಲಾ. ಯಾರು ಅಂದದ್ದು. ಏನಂದೆ, ಅನ್ನುತ್ತಾರೆ ಸೊಸೆ. ಕೀ ಕೊಡಲಾ ಅಕ್ಕಾ, ಒಂದ್ಸಲ. ಬೇಡಮ್ಮ, ಏನಾದ್ರೂ ಆದ್ರೆ, ಅಂತ ಫೋಟೋದವನು, ಮಗ ಗೋಡೆ ನೋಡುತ್ತಾನೆ, ಆಮೇಲೆ, ಕೊಡು ಬಿಡು, ಅಮ್ಮ ನನ್ ಕೈಲೂ ಮುಟ್ಟಿಸ್ತಿರ್ಲಿಲ್ಲ ಅದನ್ನ. ಉಗುರ ತುದಿ, ಸಾಸಿವೆ, ಗರ್ ಗರ್, ಸಾಕು, ಬಿಗಿ ಬಂತು, ನಾಡಿಯ ಪಕ್ಕದಲ್ಲಿ ಇನ್ನೊಂದು ನಾಡಿ. ಮೂರು ತಲೆಗಳು ಅವಳ ಕೈಯ ಮೇಲೆ ಬಾಗಿವೆ, ನಡೀತಿದ್ಯಾ, ಕಾಣ್ತಿಲ್ವಲ್ಲ, ಕೆಟ್ಟೋಯ್ತೇನೋ, ಸ್ವಲ್ಪ ಅಲ್ಲಾಡ್ಸಿ ನೋಡು — ಅವಳು ಕಿಟಕಿಯ ಕಡೆ ತಿರುಗಿದಳು, ಕಿಟಕಿಯ ಬಳಿ ಅಜ್ಜಿಯ ಕುರ್ಚಿ, ಕುರ್ಚಿಯ ಮೇಲೆ ಬಿಸಿಲು, ಇರಲಿ, ಇನ್ನೂ ಸ್ವಲ್ಪ ಇರಲಿ, ಈಗ, ಈ ಕಡೆ — ನೀಲಿ ಮುಳ್ಳು, ಕೂದಲೆಳೆಯಷ್ಟು ಮುಂದೆ.